ಗುಂಡು ಹೊಟ್ಟೆಯ ಗುಟ್ಟು

ನಾಯಿಮರಿ ದುಂಡುದುಂಡಗಿದೆ ಎಂದು ಮನೆಮಂದಿ ಹಿಗ್ಗುತ್ತಾರೆ. ಒಳಗೆ ಹುಳುಗಳ ಸಂಸಾರ ಬೆಳೆಯುತ್ತಿರುತ್ತದೆ. ಮಳೆಗಾಲವೆಂದರೆ ಜಂತುಹುಳುಗಳಿಗೆ ಸುಗ್ಗಿ. ಇದು ನಾಯಿಯ ಪಾಡು ಮಾತ್ರವಲ್ಲ, ಅದೇ ಅಂಗಳದಲ್ಲಿ ಆಡುವ ಮಕ್ಕಳ ಪಾಡೂ ಹೌದು. ಹುಳ ಕಣ್ಣಿಗೆ ಬೀಳುವ ಮೊದಲೇ ತಡೆಯುವ ದಾರಿ ಇದೆ.

ಬೆಳಗಿನಿಂದ ಒಂದೇ ಸಮನೆ ಹೊಯ್ಯುತ್ತಿದ್ದ ಮಳೆ. ಮಲೆನಾಡಿನ ಪಶು ಆಸ್ಪತ್ರೆಯೊಂದರ ಜಗಲಿಯಲ್ಲಿ ಎರಡು ದನ, ಒಂದು ಮೇಕೆ, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ನಾಯಿಮರಿ. ಪೆಟ್ಟಿಗೆ ಹಿಡಿದು ನಿಂತ ಹುಡುಗನ ಬೆನ್ನ ಮೇಲೆ ಸ್ಕೂಲ್ ಬ್ಯಾಗು ಹಾಗೇ ಇದೆ. ಶಾಲೆಗೆ ಹೊರಟವನು ಅರ್ಧ ದಾರಿಯಿಂದ ಅಮ್ಮನ ಜೊತೆ ಇತ್ತ ಬಂದಿದ್ದಾನೆ.

“ಚೆನ್ನಾಗಿ ತಿನ್ನುತ್ತೆ ಡಾಕ್ಟ್ರೇ. ಹೊಟ್ಟೆ ನೋಡಿ, ಹೇಗೆ ಗುಂಡಗಿದೆ. ಆದ್ರೂ ಮೈ ಹತ್ತೋದೇ ಇಲ್ಲ, ಬೆನ್ನಿನ ಮೂಳೆ ಎಣಿಸಬಹುದು. ಈಗ ಬೆಳಿಗ್ಗೆ ವಾಂತಿ ಮಾಡ್ತು, ಅದ್ರಲ್ಲಿ...” ಅಮ್ಮ ಮಾತು ಅಲ್ಲಿಗೇ ಬಿಟ್ಟು, ಮಡಚಿದ ಪೇಪರ್ ಬಿಡಿಸಿ ತೋರಿಸಿದರು. ಬೇಯಿಸಿದ ಶ್ಯಾವಿಗೆಯಂಥ ಬೆಳ್ಳನೆಯ ನಾಲ್ಕು ಎಳೆ. ಅದರಲ್ಲೊಂದು ಇನ್ನೂ ಸುರುಳಿ ಸುತ್ತುತ್ತಿತ್ತು.

ಡಾಕ್ಟರು ಹೆಬ್ಬೆರಳಿನಿಂದ ಮರಿಯ ತುಟಿ ಎತ್ತಿದರು. ನಸುಗೆಂಪಾಗಿರಬೇಕಿದ್ದ ಒಸಡು ಬಿಳಿಚಿಕೊಂಡಿತ್ತು. ಬೆರಳಿನಿಂದ ಒತ್ತಿ ಬಿಟ್ಟರು. ಬಣ್ಣ ಮರಳಿ ಬರಲು ತಡವಾಯಿತು. “ಇದರ ತಾಯಿಗೆ ಹುಳದ ಔಷಧಿ ಹಾಕಿದ್ರಾ?”

“ಅದು ನಮ್ಮ ದೊಡ್ಡಮ್ಮನ ಮನೆ ನಾಯಿ. ಅದಕ್ಕೇನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ.”

ಮರಿಯ ಕಾಯಿಲೆ ಶುರುವಾದದ್ದು ಆ ಗಟ್ಟಿಮುಟ್ಟಾದ ತಾಯಿಯಿಂದಲೇ.

ಹುಟ್ಟುವ ಮುನ್ನವೇ ಹುಳ

ಪೇಪರಿನಲ್ಲಿ ಬಂದದ್ದು ದುಂಡುಹುಳು. ಶಾಸ್ತ್ರೀಯ ಹೆಸರು ಟಾಕ್ಸೊಕಾರಾ ಕ್ಯಾನಿಸ್. ನಾಯಿಮರಿಗಳಲ್ಲಿ ಅತಿ ಸಾಮಾನ್ಯವಾದ ಹುಳು ಇದೇ. ಗೇಣುದ್ದಕ್ಕೆ ತುಸು ಕಡಿಮೆ ಬೆಳೆಯುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಡಬಲ್ಲದು.

ಬೆಳೆದ ನಾಯಿಯ ದೇಹಕ್ಕೆ ಈ ಹುಳುವಿನ ಮೊಟ್ಟೆ ಸೇರಿದಾಗ ಅದರಿಂದ ಹೊರಬಂದ ಮರಿಹುಳುಗಳಲ್ಲಿ ಬಹುಪಾಲು ಕರುಳಿನಲ್ಲಿ ನೆಲೆಸುವುದಿಲ್ಲ. ಮಾಂಸಖಂಡಗಳಲ್ಲಿ, ಇತರ ಅಂಗಗಳಲ್ಲಿ ಹುದುಗಿ ನಿದ್ದೆಹೋಗುತ್ತವೆ. ನಾಯಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಮಲ ಪರೀಕ್ಷೆಯಲ್ಲೂ ಅವು ಸಿಗುವುದಿಲ್ಲ, ಮಾಮೂಲಿ ಮಾತ್ರೆಯೂ ಅವನ್ನು ಮುಟ್ಟುವುದಿಲ್ಲ. ನಾಯಿ ಬಸಿರಾಗಿ ಸುಮಾರು ಆರು ವಾರ ತುಂಬುವಾಗ ಅವು ಎಚ್ಚರಗೊಳ್ಳುತ್ತವೆ. ಮಾಸಿನ ಮೂಲಕ ಹುಟ್ಟಲಿರುವ ಮರಿಗಳ ದೇಹ ಸೇರುತ್ತವೆ. ಉಳಿದವು ಹಾಲಿನಲ್ಲಿ ಹೋಗುತ್ತವೆ. ಹೀಗಾಗಿ ಎಷ್ಟೇ ಶುಚಿಯಾದ ಮನೆಯಲ್ಲಿ ಹುಟ್ಟಿದರೂ ಮರಿ ಹುಳುವಿನೊಂದಿಗೇ ಕಣ್ತೆರೆಯಬಹುದು. ಮೂರು ವಾರ ತುಂಬುವ ಹೊತ್ತಿಗೆ ಅದರ ಮಲದಲ್ಲಿ ಮೊಟ್ಟೆ ಬರಲು ತೊಡಗುತ್ತದೆ.

ಮಾಸಿನ ಮೂಲಕ ಬಂದವು ಮರಿಯ ಒಳಗೆ ನೆಟ್ಟಗೆ ಕರುಳಿಗೆ ಹೋಗುವುದಿಲ್ಲ. ಯಕೃತ್ತಿನಿಂದ ಶ್ವಾಸಕೋಶಕ್ಕೆ ಹೋಗಿ, ಗಂಟಲವರೆಗೆ ಹತ್ತಿ ಬಂದು, ನುಂಗಿದಾಗ ಮತ್ತೆ ಹೊಟ್ಟೆಗಿಳಿಯುತ್ತವೆ. ಎಳೆಯ ಮರಿ ಕೆಮ್ಮುತ್ತಿದ್ದರೆ ‘ಮಳೆಗೆ ಶೀತವಾಗಿದೆ’ ಎಂದು ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು. ಹುಳುಗಳು ವಿಪರೀತವಾದರೆ ಕರುಳೇ ಕಟ್ಟಿಕೊಂಡು ಮರಿ ಸಾಯಬಹುದು. ತಂದ ಮರಿಗೆ ಮೊದಲು ಒಳ್ಳೆಯ ಬೆಲ್ಟು, ಬಿಸ್ಕತ್ತು ಹುಡುಕುತ್ತೇವೆ. ಮೊದಲು ಕೇಳಬೇಕಾದದ್ದು ಅದರ ತಾಯಿಯ ಬಗ್ಗೆ.

ರಕ್ತ ಹೀರುವ ಕೊಕ್ಕೆ

ಒಸಡು ಬಿಳಿಚಿಕೊಂಡಿತ್ತಲ್ಲ, ಅದು ದುಂಡುಹುಳುವಿನ ಕೆಲಸವಲ್ಲ. ಅಲ್ಲಿ ಇನ್ನೊಂದು ಹುಳು ಸೇರಿಕೊಂಡಿತ್ತು. ಕೊಕ್ಕೆಹುಳು. ಬರೀ ಒಂದೆರಡು ಸೆಂಟಿಮೀಟರ್ ಉದ್ದ. ಬಾಯಲ್ಲಿ ಮೂರು ಜೊತೆ ಹಲ್ಲು. ಕರುಳಿನ ಗೋಡೆಯನ್ನು ಕಚ್ಚಿ ರಕ್ತ ಹೀರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನೂ ಬಿಡುತ್ತದೆ. ಆದ್ದರಿಂದ ಅದು ಕಚ್ಚಿದ ಜಾಗ ಬಿಟ್ಟು ಪಕ್ಕಕ್ಕೆ ಸರಿದ ಮೇಲೂ ಅಲ್ಲಿ ರಕ್ತ ಜಿನುಗುತ್ತಲೇ ಇರುತ್ತದೆ. ಮಲ ಟಾರಿನಂತೆ ಕಪ್ಪಗಾಗುತ್ತದೆ. ತಾಯಿಯ ಹಾಲಿನಿಂದಲೇ ಇದನ್ನು ಪಡೆದ ಮರಿ ಎರಡನೆಯ ವಾರದಲ್ಲೇ, ಮಲದಲ್ಲಿ ಒಂದು ಮೊಟ್ಟೆಯೂ ಕಾಣಿಸಿಕೊಳ್ಳುವ ಮೊದಲೇ, ರಕ್ತ ಬಸಿದು ಸತ್ತುಹೋಗಬಹುದು.

ಮಳೆಗಾಲಕ್ಕೂ ಇದಕ್ಕೂ ಸಂಬಂಧವಿದೆ. ನೆಲಕ್ಕೆ ಬಿದ್ದ ಮೊಟ್ಟೆ ಒದ್ದೆ, ನೆರಳು, ಬೆಚ್ಚಗಿನ ಹವೆ ಸಿಕ್ಕರೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಸುಮಾರು ಒಂದು ವಾರದಲ್ಲಿ ಮರಿಹುಳು ಸೋಂಕು ತಗುಲಿಸಲು ಸಿದ್ಧ. ಬಿರುಬಿಸಿಲಿನಲ್ಲಿ ಒಣಗಿ ಸಾಯುವ ಈ ಹುಳು ಅಡಿಕೆ ತೋಟದ ಕೊಳೆತ ಸೋಗೆಯಡಿ, ನಲ್ಲಿ ನೀರು ಹರಿಯುವ ಹಿತ್ತಲ ಮೂಲೆಯಲ್ಲಿ ವಾರಗಟ್ಟಲೆ ಬದುಕುತ್ತದೆ. ನಾಯಿ ನೆಕ್ಕಿದರೆ ಬಾಯಿಯಿಂದ ಒಳಗೆ, ಮಲಗಿದರೆ ಚರ್ಮದಿಂದ ಒಳಗೆ.

ಚರ್ಮದ ದಾರಿ ಪತ್ತೆಯಾದ ಕಥೆ ಕೈರೋ ನಗರದ್ದು. 1890ರ ದಶಕದಲ್ಲಿ ಜರ್ಮನಿಯ ಆರ್ಥರ್ ಲೂಸ್ ಅಲ್ಲಿ ಮನುಷ್ಯರ ಕೊಕ್ಕೆಹುಳುವಿನ ಮೇಲೆ ಪ್ರಯೋಗ ಮಾಡುತ್ತಿದ್ದರು. ಮರಿಹುಳುಗಳಿದ್ದ ನೀರಿನ ಒಂದು ಹನಿ ಕೈಮೇಲೆ ಬಿತ್ತು. ಚರ್ಮ ಕೆಂಪಾಗಿ ಉರಿ ಎದ್ದಿತು. ಕೆಲವು ವಾರಗಳ ನಂತರ ಅವರದೇ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಕಂಡಿತು. ಹುಳು ಬಾಯಿಯಿಂದಲೇ ಹೋಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ನಾಯಿಯ ಕೊಕ್ಕೆಹುಳುವಿಗೂ ಬರಿಗಾಲು ಸಾಕು. ಮನುಷ್ಯನ ಚರ್ಮ ಹೊಕ್ಕ ಮರಿಹುಳು ಸಾಮಾನ್ಯವಾಗಿ ಮುಂದೆ ಹೋಗಲಾರದೆ ಅಲ್ಲೇ ತೆವಳಾಡುತ್ತದೆ. ಪಾದದ ಮೇಲೆ ಅಂಕುಡೊಂಕಾದ ಕೆಂಪು ಗೆರೆ ದಿನದಿನಕ್ಕೆ ಮುಂದುವರಿಯುತ್ತದೆ, ಸಹಿಸಲಾಗದ ತುರಿಕೆ. ತೋಟದಲ್ಲಿ ದುಡಿಯುವವರು, ಕಡಲತೀರದ ಮರಳಲ್ಲಿ ಆಡಿ ಬಂದ ಮಕ್ಕಳು ಇಂಥ ಗೆರೆ ಕಂಡರೆ ಚರ್ಮವೈದ್ಯರಿಗೆ ತೋರಿಸಬೇಕು. ಏಷ್ಯಾದಲ್ಲಿ ನಾಯಿಗಳಲ್ಲಿರುವ ಆಂಕೈಲೋಸ್ಟೋಮಾ ಸಿಲಾನಿಕಂ ಎಂಬ ಇನ್ನೊಂದು ಕೊಕ್ಕೆಹುಳು ಚರ್ಮಕ್ಕೆ ನಿಲ್ಲದೆ ಮನುಷ್ಯನ ಕರುಳಿನಲ್ಲೂ ಬೆಳೆಯಬಲ್ಲದು.

---
ಬಾಕ್ಸ್: ಇವು ಕಂಡರೆ ತಡಮಾಡಬೇಡಿ

ಮರಿಯ ಹೊಟ್ಟೆ ಉಬ್ಬಿ ಮೈ ಸೊರಗಿರುವುದು. ಹೊಳಪಿಲ್ಲದ ಒರಟು ಕೂದಲು. ಮತ್ತೆ ಮತ್ತೆ ಭೇದಿ, ವಾಂತಿ. ಬಿಳಿಚಿದ ಒಸಡು, ಕಪ್ಪು ಮಲ, ಆಟ ಬಿಟ್ಟು ಮುದುಡಿ ಮಲಗುವುದು. ಮಲದಲ್ಲಿ ಲೋಳೆಯ ಜೊತೆ ಹಸಿ ರಕ್ತ ಬಂದರೆ ದೊಡ್ಡ ಕರುಳಿನಲ್ಲಿ ಬದುಕುವ ಚಾಟಿಹುಳುವೂ ಇರಬಹುದು.

ಮರಿಯ ಒಸಡು ಬೆಳ್ಳಗಾಗಿ, ಅದು ನಿಲ್ಲಲೂ ಆಗದೆ ಕುಸಿಯುತ್ತಿದ್ದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ರಕ್ತ ಕೊಡಬೇಕಾದ ಸ್ಥಿತಿ ಅದು, ಆಸ್ಪತ್ರೆಗೆ ಓಡಿ.

---

ಚಿಗಟ ಹೊತ್ತು ತರುವ ಲಾಡಿಹುಳು

ಬೆಳೆದ ನಾಯಿಯ ಮಾಲೀಕರು ಹೆಚ್ಚಾಗಿ ದೂರು ಹೇಳುವುದು ಬೇರೆಯದನ್ನು. ಬಾಲದ ಬುಡದಲ್ಲಿ, ಮಲಗಿದ ಗೋಣಿಯ ಮೇಲೆ, ಅಕ್ಕಿಕಾಳಿನ ಗಾತ್ರದ ಬಿಳಿ ತುಣುಕು. ಹಸಿಯಿದ್ದಾಗ ಅದು ಮಿಸುಕಾಡುತ್ತದೆ. ಡಿಪಿಲಿಡಿಯಂ ಎಂಬ ಲಾಡಿಹುಳುವಿನ ಕಳಚಿಬಿದ್ದ ತುಂಡು ಅದು, ಒಳಗೆ ತುಂಬಾ ಮೊಟ್ಟೆ.

ಈ ಮೊಟ್ಟೆಯನ್ನು ನಾಯಿ ನೇರವಾಗಿ ತಿಂದರೆ ಏನೂ ಆಗದು. ಅದನ್ನು ಚಿಗಟದ ಮರಿ ತಿನ್ನಬೇಕು, ಬೆಳೆದ ಚಿಗಟವನ್ನು ನಾಯಿ ಮೈ ಕಚ್ಚಿಕೊಳ್ಳುವಾಗ ನುಂಗಬೇಕು. ಆಗಲೇ ಹೊಟ್ಟೆಯಲ್ಲಿ ಲಾಡಿಹುಳು. ಮಾತ್ರೆ ನುಂಗಿಸಿದರೆ ಹುಳು ಖಂಡಿತ ಹೋಗುತ್ತದೆ. ಚಿಗಟ ಉಳಿದರೆ ಎರಡು ಮೂರು ವಾರದಲ್ಲಿ ಮತ್ತೆ ಅದೇ ಬಿಳಿ ತುಣುಕು. ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂದು ಡಾಕ್ಟರನ್ನು ಬದಲಿಸುವವರಿದ್ದಾರೆ. ಬದಲಿಸಬೇಕಾದದ್ದು ನಾಯಿಯ ಹಾಸಿಗೆ. ಅದನ್ನು ಬಿಸಿನೀರಲ್ಲಿ ಒಗೆದು, ನಾಯಿಗೂ ಮನೆಯ ಬೆಕ್ಕಿಗೂ ಒಟ್ಟಿಗೇ ಚಿಗಟದ ಔಷಧಿ ಹಾಕಬೇಕು. ಬೆಕ್ಕಿಗೆ ಹಾಕುವುದು ಬೆಕ್ಕಿನದೇ ಔಷಧಿಯಾಗಿರಲಿ. ನಾಯಿಗೆಂದೇ ತಯಾರಾದ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ಎಳೆದುಕೊಂಡು ಹೋದರೆ ಹುಳವೇ ಎಂದು ಎಲ್ಲರೂ ತೀರ್ಪು ಕೊಡುತ್ತಾರೆ. ಹೆಚ್ಚಿನ ಸಲ ಅದು ಗುದದ ಪಕ್ಕದ ಗ್ರಂಥಿಗಳು ಕಟ್ಟಿಕೊಂಡದ್ದರ ಲಕ್ಷಣ. ಹುಳದ ಮಾತ್ರೆಗೆ ಬಗ್ಗದು.

ಒಂದು ಚಿಟಿಕೆ ಮಲ, ಒಂದಿಷ್ಟು ಉಪ್ಪುನೀರು

ಹುಳು ಕಣ್ಣಿಗೆ ಬಿದ್ದರೆ ಮಾತ್ರ ಹುಳವಿದೆ ಎಂಬುದು ತಪ್ಪು ಲೆಕ್ಕ. ಕೊಕ್ಕೆಹುಳು, ಚಾಟಿಹುಳು ಮಲದಲ್ಲಿ ಕಾಣುವುದೇ ಅಪರೂಪ. ಸೋಂಕಿರುವ ಬೆಳೆದ ನಾಯಿ ಹೊರಗೆ ಲವಲವಿಕೆಯಿಂದಲೇ ಇರುತ್ತದೆ. ನಿಜ ಹೇಳುವುದು ಸೂಕ್ಷ್ಮದರ್ಶಕ.

ಪರೀಕ್ಷೆ ಸರಳ. ಅಂದಿನ ತಾಜಾ ಮಲವನ್ನು ಕಡಲೆಕಾಳಿನ ಗಾತ್ರಕ್ಕಿಂತ ತುಸು ಹೆಚ್ಚಾಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದರೆ ಸಾಕು. ಅದನ್ನು ಉಪ್ಪು ಇನ್ನು ಕರಗಲಾರದಷ್ಟು ಗಾಢವಾದ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಕೊಳವೆಯಲ್ಲಿ ತುಂಬಿ, ಬಾಯಿಗೆ ತೆಳುಗಾಜು ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಕಸ ತಳಕ್ಕಿಳಿಯುತ್ತದೆ, ಹಗುರವಾದ ಮೊಟ್ಟೆಗಳು ಮೇಲೆ ತೇಲಿ ಗಾಜಿಗೆ ಅಂಟುತ್ತವೆ. ದುಂಡುಹುಳುವಿನದು ದಪ್ಪ ಸಿಪ್ಪೆಯ ಕಂದು ಮೊಟ್ಟೆ. ಕೊಕ್ಕೆಹುಳುವಿನದು ಪಾರದರ್ಶಕ, ಒಳಗೆ ವಿಭಜನೆಗೊಳ್ಳುತ್ತಿರುವ ಜೀವಕೋಶಗಳು ಕಾಣುತ್ತವೆ. ಲಾಡಿಹುಳುವಿನ ಮೊಟ್ಟೆ ಮಾತ್ರ ಈ ವಿಧಾನದಲ್ಲಿ ಬಹಳ ಸಲ ತಪ್ಪಿಸಿಕೊಳ್ಳುತ್ತದೆ, ಆ ಬಿಳಿ ತುಣುಕನ್ನೇ ಒಯ್ಯುವುದು ಮೇಲು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಂಥ ಕಡೆ ಪಶುವೈದ್ಯಕೀಯ ಕಾಲೇಜುಗಳಿರುವುದರಿಂದ ಸುತ್ತಲಿನವರಿಗೆ ಇಂಥ ಪರೀಕ್ಷೆ ದೂರದ ಮಾತೇನಲ್ಲ.

ವರ್ಷಕ್ಕೆ ಒಂದೆರಡು ಸಲವಾದರೂ ಪರೀಕ್ಷೆ ಮಾಡಿಸಬೇಕೆಂದು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ರೇಸಿನ ಗ್ರೇಹೌಂಡ್ ನಾಯಿಗಳಿಗೆ ಎಡೆಬಿಡದೆ ಔಷಧಿ ಕೊಟ್ಟ ಕೆನಲ್‌ಗಳಲ್ಲಿ ಯಾವ ಮಾಮೂಲಿ ಔಷಧಿಗೂ ಜಗ್ಗದ ಕೊಕ್ಕೆಹುಳು ಹುಟ್ಟಿಕೊಂಡಿದೆ. ಆ ನಾಯಿಗಳನ್ನು ಮನೆಗಳಿಗೆ ದತ್ತು ಕೊಟ್ಟಾಗ ಹುಳುವೂ ಊರು ಸೇರಿತು. ಔಷಧಿ ಕೊಟ್ಟ ಎರಡು ವಾರದ ಮೇಲೆ ಇನ್ನೊಮ್ಮೆ ಮಲ ನೋಡಿಸಿದರೆ ಮದ್ದು ತಟ್ಟಿತೋ ಇಲ್ಲವೋ ತಿಳಿಯುತ್ತದೆ.

ಮಾತ್ರೆಯ ಲೆಕ್ಕ

ಒಂದೇ ಔಷಧಿ ಎಲ್ಲ ಹುಳುವನ್ನೂ ಕೊಲ್ಲುವುದಿಲ್ಲ. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಎಳೆಯ ಮರಿಗಳಿಗೂ ಸುರಕ್ಷಿತ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ. ಫೆನ್‌ಬೆಂಡಜೋಲ್ ಆದರೆ ಸಾಮಾನ್ಯವಾಗಿ ಮೂರು ದಿನ ಬಿಡದೆ ಕೊಡಬೇಕು, ಚಾಟಿಹುಳುವಿಗೂ ಅದು ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳಲ್ಲಿ ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಕೂಡಿರುತ್ತವೆ.

ಲೆಕ್ಕವೆಲ್ಲ ತೂಕದ ಮೇಲೆ. ಕಣ್ಣಂದಾಜು ಸಲ್ಲದು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ನಾಯಿಯ ತೂಕ ಸಿಕ್ಕಿತು. ಉಪವಾಸ ಕೆಡವಬೇಕಿಲ್ಲ. ತುಪ್ಪ ಸವರಿದ ಚಪಾತಿ ತುಣುಕಿನಲ್ಲಿ ಮಡಚಿ ಕೊಟ್ಟರೆ ಹೆಚ್ಚಿನವು ನುಂಗುತ್ತವೆ.

ಎರಡು ವಾರದ ಮೇಲೆ ಮತ್ತೆ ಏಕೆ ಕೊಡಬೇಕು? ಮಾತ್ರೆ ಕೊಲ್ಲುವುದು ಅಂದು ಕರುಳಿನಲ್ಲಿರುವ ಹುಳುಗಳನ್ನು. ಶ್ವಾಸಕೋಶದ ಹಾದಿಯಲ್ಲಿರುವ ಮರಿಹುಳುಗಳು ಅಂದು ಬಚಾವಾಗಿ, ಕೆಲವು ದಿನಗಳಲ್ಲಿ ಕರುಳಿಗಿಳಿಯುತ್ತವೆ. ಎರಡನೆಯ ಡೋಸು ಅವಕ್ಕಾಗಿ.

ಆಗಸ್ಟ್ 10 ಮತ್ತು ಫೆಬ್ರುವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಒಳ್ಳೆಯ ಕಾರ್ಯಕ್ರಮ. ಅದೇ ಮಾತ್ರೆಯನ್ನು ಮುರಿದು ನಾಯಿಗೂ ಹಾಕಬೇಡಿ. ನಾಯಿಗಳಲ್ಲಿ ಅದು ಮೂಳೆಮಜ್ಜೆಯನ್ನು ಕುಗ್ಗಿಸಿದ ಪ್ರಕರಣಗಳು ವರದಿಯಾಗಿವೆ. ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನಿನಲ್ಲಿ ಉಳಿದದ್ದನ್ನು ನಾಯಿಗೆ ಚುಚ್ಚುವುದು ಇನ್ನೂ ಅಪಾಯ. ಕಾಲಿ, ಶೆಲ್ಟಿಯಂಥ ತಳಿಗಳ ಅನೇಕ ನಾಯಿಗಳಲ್ಲಿ ಒಂದು ಜೀನ್ ದೋಷವಿದ್ದು, ಆ ಔಷಧಿ ಮಿದುಳಿಗೆ ನುಗ್ಗಿ ಪ್ರಾಣ ತೆಗೆಯಬಲ್ಲದು.

---
ಬಾಕ್ಸ್: ಯಾವಾಗ ಕೊಡಬೇಕು?

ಮರಿಗೆ ಎರಡನೆಯ ವಾರದಲ್ಲಿ ಮೊದಲ ಡೋಸು. ಆಮೇಲೆ ಎರಡು ವಾರಕ್ಕೊಮ್ಮೆ, ಎಂಟು ವಾರ ತುಂಬುವವರೆಗೆ. ಮುಂದೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಬಾಣಂತಿ ನಾಯಿಗೂ ಮರಿಗಳ ಜೊತೆಯಲ್ಲೇ. ಬಸಿರಿನಲ್ಲಿ ಕೊಡುವ ಔಷಧಿ ವೈದ್ಯರ ನಿಗಾದಲ್ಲೇ ಆಗಬೇಕು.

ಬೆಳೆದ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಇಲ್ಲವೇ ಮಲ ಪರೀಕ್ಷೆ ಆಧರಿಸಿ.

ಹಸಿ ಮಾಂಸ, ಕುರಿ-ದನದ ಒಳಾಂಗ ತಿನ್ನುವ ನಾಯಿಗೆ ಲಾಡಿಹುಳುವಿನ ಔಷಧಿ ಆರು ವಾರಕ್ಕೊಮ್ಮೆ.

---

ಬೆಳ್ಳುಳ್ಳಿ, ಬೆಲ್ಲ, ಅಡಿಕೆ

ಬೆಲ್ಲ, ಹಾಲು ಕೊಟ್ಟರೆ ಹುಳ ಆಗುತ್ತದೆ ಎಂಬ ಮಾತು ಪ್ರತಿ ಊರಲ್ಲೂ ಇದೆ. ಸಿಹಿಯಿಂದ ಹುಳು ಹುಟ್ಟುವುದಿಲ್ಲ, ಮೊಟ್ಟೆಯೋ ಮರಿಹುಳುವೋ ದೇಹ ಸೇರಲೇಬೇಕು. ಹುಳಕ್ಕೆ ಬೆಳ್ಳುಳ್ಳಿ ಅರೆದು ಹಾಕುವ ರೂಢಿಯಂತೂ ಕೂಡಲೇ ನಿಲ್ಲಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೊಕ್ಕೆಹುಳುವಿನಿಂದ ಮೊದಲೇ ರಕ್ತಹೀನವಾದ ಮರಿಗೆ ಅದು ಮದ್ದಲ್ಲ, ವಿಷ.

ನಮ್ಮ ಅಡಿಕೆಯದು ಬೇರೆಯದೇ ಕಥೆ. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶ ಒಂದು ಕಾಲಕ್ಕೆ ನಾಯಿಗಳ ಲಾಡಿಹುಳುವಿಗೆ ಜಗತ್ತೇ ನೆಚ್ಚಿದ್ದ ಔಷಧಿ. ನ್ಯೂಜಿಲೆಂಡ್, ಟಾಸ್ಮೇನಿಯಾಗಳಲ್ಲಿ ಕುರಿ ಸಾಕುವವರ ನಾಯಿಗಳನ್ನೆಲ್ಲ ಒಂದೆಡೆ ಕಟ್ಟಿ, ಅರೆಕೋಲಿನ್ ಕೊಟ್ಟು ಭೇದಿ ಮಾಡಿಸಿ, ಹೊರಬಂದದ್ದರಲ್ಲಿ ಹುಳು ಹುಡುಕುತ್ತಿದ್ದರು. ನಾಯಿಗೆ ಜೊಲ್ಲು, ವಾಂತಿ, ಹೊಟ್ಟೆ ಹಿಂಡುವ ನೋವು, ಕೆಲವೊಮ್ಮೆ ಸಾವು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದು ಮೂಲೆ ಸೇರಿತು. ಅಡಿಕೆ ಜಜ್ಜಿ ನಾಯಿಗೆ ತಿನ್ನಿಸಲು ಈಗ ಯಾವ ಕಾರಣವೂ ಉಳಿದಿಲ್ಲ.

ಮಕ್ಕಳ ಕಣ್ಣಿಗೂ

1950ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್, ಕ್ಯಾನ್ಸರ್ ಇರಬಹುದೆಂಬ ಶಂಕೆಯಿಂದ ತೆಗೆದುಹಾಕಿದ್ದ ಮಕ್ಕಳ ಕಣ್ಣುಗುಡ್ಡೆಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತಾ ಹೋದರು. ಅನೇಕ ಕಣ್ಣುಗಳಲ್ಲಿದ್ದದ್ದು ಕ್ಯಾನ್ಸರ್ ಅಲ್ಲ, ಹುಳುವಿನ ಮರಿ. ಮುಂದೆ ಅವುಗಳಲ್ಲಿ ಕೆಲವು ನಾಯಿಯ ದುಂಡುಹುಳುವಿನ ಮರಿಗಳೆಂದು ಗುರುತಾಯಿತು. ಮಣ್ಣಿನಲ್ಲಿದ್ದ ಮೊಟ್ಟೆ ಮಗುವಿನ ಬಾಯಿ ಸೇರಿದರೆ ಹೀಗಾಗಬಹುದು.

ಹೆದರಿ ನಾಯಿಯನ್ನು ಬೀದಿಗೆ ಬಿಡುವ ಮುನ್ನ ಒಂದು ಸಂಗತಿ ತಿಳಿಯಿರಿ. ದುಂಡುಹುಳುವಿನ ಮೊಟ್ಟೆ ತಾಜಾ ಮಲದಲ್ಲಿ ಸೋಂಕು ತಗುಲಿಸುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಮಾಗಬೇಕು. ಮಾಗಿದ ಮೇಲೆ ಮಾತ್ರ ಅದು ವರ್ಷಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೂ ಸಾಯದು. ಅಂದರೆ ಮಲವನ್ನು ಅಂದಂದೇ ಎತ್ತಿದರೆ ಈ ಹುಳುವಿನ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಮರಿಗೆ ಮೂರು ವಾರವಾಗುವ ಮೊದಲೇ ಔಷಧಿ, ದಿನವೂ ಮಲ ಎತ್ತುವುದು, ಮಣ್ಣಾಡಿದ ಮಗುವಿನ ಕೈ ಸೋಪಿನಲ್ಲಿ ತೊಳೆಯುವುದು, ಹಿತ್ತಲ ಸೊಪ್ಪನ್ನು ಹರಿಯುವ ನೀರಲ್ಲಿ ತೊಳೆದು ತಿನ್ನುವುದು. ಇಷ್ಟು ಮಾಡುವ ಮನೆಯಲ್ಲಿ ನಾಯಿಯೂ ಮಗುವೂ ಒಟ್ಟಿಗೆ ಬೆಳೆಯಲು ಅಡ್ಡಿಯಿಲ್ಲ. ನಾಯಿಯ ಮಲವನ್ನು ತರಕಾರಿ ಮಡಿಗೆ ಗೊಬ್ಬರವಾಗಿ ಹಾಕಬೇಡಿ. ಪಾರ್ಕಿಗೆ ಕರೆದೊಯ್ಯುವವರು ಕೈಯಲ್ಲೊಂದು ಚೀಲ ಹಿಡಿಯುವುದು ಶೋಕಿಯಲ್ಲ, ಆ ಹುಲ್ಲಿನ ಮೇಲೆ ಅಂಬೆಗಾಲಿಡುವ ಮಗುವಿಗೆ ತೋರುವ ಕಾಳಜಿ.

ಕುರಿ ಕಡಿದ ಜಾಗ

ತಾಜಾ ಮಲದಿಂದ ಸೋಂಕಿಲ್ಲ ಎಂಬ ಮೇಲಿನ ನಿಯಮ ಮೀರಿದ ಒಂದು ಹುಳುವಿದೆ. ಎಕಿನೋಕಾಕಸ್. ಏಳು ಮಿಲಿಮೀಟರ್ ದಾಟದ ಪುಟ್ಟ ಲಾಡಿಹುಳು. ನಾಯಿಗೆ ಏನೂ ಮಾಡದು. ಅದರ ಮೊಟ್ಟೆ ಮಲದಿಂದ ಹೊರಬಿದ್ದ ಕ್ಷಣದಿಂದಲೇ ಸೋಂಕುಕಾರಿ. ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುತುಂಬಿದ ಗಡ್ಡೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೈಡಾಟಿಡ್ ಗಡ್ಡೆ ಎಂದು ಶಸ್ತ್ರವೈದ್ಯರು ಹೇಳುವುದು ಇದನ್ನೇ. ಕುರಿಯ ದೇಹದಲ್ಲೂ ಇದೇ ಗಡ್ಡೆ. ಆ ಕುರಿಯ ಈಲಿ, ಶ್ವಾಸಕೋಶವನ್ನು ನಾಯಿ ಹಸಿಯಾಗಿ ತಿಂದಾಗ ಮತ್ತೆ ಹುಳು.

1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಐಸ್‌ಲೆಂಡಿಗೆ ಹೋದಾಗ ಈ ರೋಗ ಅಲ್ಲಿ ಮನೆಮನೆಯ ಕಷ್ಟವಾಗಿತ್ತು. ಅವರು ನಾಯಿಗಳನ್ನೂ ಕುರಿಗಳನ್ನೂ ಪರೀಕ್ಷಿಸಿ, ರೋಗ ಬರುವ ಬಗೆಯನ್ನು ಒಂದು ಪುಟ್ಟ ಪುಸ್ತಕವಾಗಿ ಬರೆದರು. ಅದನ್ನು ಐಸ್‌ಲೆಂಡಿನ ಭಾಷೆಯಲ್ಲಿ ಅಚ್ಚುಹಾಕಿಸಿ ಪುಕ್ಕಟೆ ಹಂಚಲಾಯಿತು. ಗಡ್ಡೆ ಇರುವ ಅಂಗಗಳನ್ನು ಸುಡಬೇಕು, ಇಲ್ಲವೇ ನಾಯಿ ಕೆದಕಲಾರದಷ್ಟು ಆಳಕ್ಕೆ ಹೂಳಬೇಕು ಎಂಬುದು ಅದರ ತಿರುಳು. ಜನ ಓದಿದರು, ಪಾಲಿಸಿದರು. ಬಳಿಕ ಕಾನೂನುಗಳೂ ಬಂದವು. ಇಂದಿನ ಔಷಧಿಗಳು ಒಂದೂ ಇಲ್ಲದ ಕಾಲದಲ್ಲಿ ಆ ದೇಶ ರೋಗವನ್ನು ಬಹುಮಟ್ಟಿಗೆ ಹಿಮ್ಮೆಟ್ಟಿಸಿತು.

ಉತ್ತರ ಕರ್ನಾಟಕದ ಬಯಲಲ್ಲಿ ಕುರಿ ಹಿಂಡಿನ ಜೊತೆ ಇಂದಿಗೂ ನಾಯಿ ನಡೆಯುತ್ತದೆ. ಜಾತ್ರೆಯಲ್ಲಿ, ಹೆದ್ದಾರಿ ಬದಿಯ ಮಾಂಸದಂಗಡಿಯಲ್ಲಿ ಬೇಡವಾದ ಒಳಾಂಗವನ್ನು ನಾಯಿಗೆ ಎಸೆಯುವುದು ಪುಣ್ಯದ ಕೆಲಸವೆಂದೇ ಹಲವರ ಭಾವನೆ. ಎಸೆಯುವ ಬದಲು ಚೆನ್ನಾಗಿ ಕುದಿಸಿ ಹಾಕಿದರೆ ನಾಯಿಯ ಹೊಟ್ಟೆಯೂ ತುಂಬುತ್ತದೆ, ಹುಳುವೂ ಸಾಯುತ್ತದೆ. ಪಂಚಾಯಿತಿಗಳು ಮಾಂಸದಂಗಡಿಗೆ ಪರವಾನಗಿ ಕೊಡುವಾಗ ನಾಯಿ ನುಗ್ಗಲಾರದ, ಮುಚ್ಚಳವಿರುವ ಒಂದು ಆಳದ ಗುಂಡಿಯನ್ನು ಷರತ್ತಾಗಿ ಹಾಕಲಿ. ಹಿಂಡಿನ ಕುರಿಗಳಿಗೆ ಲಸಿಕೆ ಹಾಕಲು ಬರುವ ಪಶುವೈದ್ಯಕೀಯ ಸಿಬ್ಬಂದಿಯ ಪೆಟ್ಟಿಗೆಯಲ್ಲಿ ಹಿಂಡು ಕಾಯುವ ನಾಯಿಗೂ ಪ್ರಾಜಿಕ್ವಾಂಟೆಲ್ ಮಾತ್ರೆ ಇರಲಿ.